ಮೆಣಸಿನಕಾಯಿ ಇಲ್ದೆ ನಮ್ಮ ಹಿಂದಿನವ್ರು ಸಾರು ಹೆಂಗೆ ಮಾಡ್ತಿದ್ರು?

ಸಾಗರದ ಮಾಣಿ:
ಮೊನ್ನೆ ತೋಟದಲ್ಲಿ ಕಾಳುಮೆಣಸು ಕೊಯ್ಯೋವಾಗ ತಲೆಗೆ ಬಂತು. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರು ತಂದಿದ್ದು ಅಂತಾರೆ. ಹಂಗಾದ್ರೆ 500 ವರ್ಷದೊಳಗೆ ಎಲ್ಲರ ಅಡುಗೆಮನೆಗೂ ಹೆಂಗೆ ನುಗ್ತು? ಯಾರಾದ್ರೂ ಜುಲುಮೆ ಮಾಡಿದ್ರಾ?

ಕೊಡಚಾದ್ರಿ ಮಳೆ:
ಜುಲುಮೆ ಎಂತದೂ ಇಲ್ಲ ಮಾರಾಯ. ಕಾಳುಮೆಣಸಿನ ಬಳ್ಳಿಗೆ ಮರ ಬೇಕು ಮಳೆ ಬೇಕು ಫಸಲಿಗೆ ಮೂರ್ನಾಲ್ಕು ವರ್ಷ ಕಾಯ್ಬೇಕು, ಮೆಣಸಿನ ಗಿಡ ಆದ್ರೆ ಬಯಲುಸೀಮೇಲೂ ಬರತ್ತೆ, ಕೆಲವೇ ತಿಂಗಳಲ್ಲಿ ಕಾಯಿ, ಬೀಜ ಒಣಗಿಸಿ ಪಕ್ಕದ್ಮನೆಗೆ ಕೊಟ್ರೆ ಮುಗೀತು. ಕಾಳುಮೆಣಸು ಹಡಗು ಹತ್ತೋ ಮಾಲು, ಗೇರುಸೊಪ್ಪೆ ಚೆನ್ನಭೈರಾದೇವಿಗೆ ಪೋರ್ಚುಗೀಸರು ‘ಮೆಣಸಿನ ರಾಣಿ’ ಅಂತ್ಲೇ ಹೆಸರಿಟ್ಟಿದ್ರು. ದುಬಾರಿದು ಮಾರಕ್ಕೆ, ಅಗ್ಗದ್ದು ಸಾರಿಗೆ, ನನ್ನ ಲೆಕ್ಕ ಇಷ್ಟೇ.

ಅಮ್ಮಮ್ಮನ ಮೊಮ್ಮಗಳು:
ಹೆಸರು ನೋಡಿ, ಅದೇ ಮಜಾ. ಮೊದ್ಲು ಮೆಣಸು ಅಂದ್ರೆ ಕಾಳೇ. ಹೊಸದು ಬಂದಾಗ ಅದಕ್ಕೆ ಮೆಣಸಿನ‘ಕಾಯಿ’ ಅಂದ್ವಿ, ಆಮೇಲೆ ಗೊಂದಲ ಆಗಿ ಹಳೇದಕ್ಕೇ ಮುಂದೆ ‘ಕಾಳು’ ಅಂಟಿಸ್ಬೇಕಾಯ್ತು, ಮನೆ ಯಜಮಾನನೇ ಗುರುತು ಹೇಳ್ಕೊಂಡ ಹಾಗೆ! ಅನಾನಸು ಮಾತ್ರ ಹೆಸರು ಸಮೇತ ಬಂತು, ದಕ್ಷಿಣ ಅಮೆರಿಕದ ಟುಪಿ ಭಾಷೆಯಿಂದ ಪೋರ್ಚುಗೀಸಿಗೆ, ಕೊನೆಗೆ ನಮ್ಮ ಗೊಜ್ಜಿಗೆ.

ಸಾಗರದ ಮಾಣಿ:
ಓ, ಅದಕ್ಕೇ ಇರ್ಬೇಕು ನಮ್ಮನೇಲಿ ತಿಥಿ ಅಡುಗೆಗೆ ಮೆಣಸಿನಕಾಯಿ ಮುಟ್ಟಲ್ಲ, ಕಾಳುಮೆಣಸೇ. ಮಡಿ ಅನ್ಕೊಂಡಿದ್ದೆ.

ಕೊಡಚಾದ್ರಿ ಮಳೆ:
ಹೌದನಾ, ದಿನದ ಅಡುಗೆ ಬೇಗ ಬದಲಾಗತ್ತೆ, ತಿಥಿ ಅಡುಗೆ ಬದಲಾಯಿಸಕ್ಕೆ ಯಾರಿಗೂ ಧೈರ್ಯ ಇಲ್ಲ 😄