2019ರ ಜುಲೈ ಪುಟಕ್ಕೆ ಯಾವ ಫಲಿತಾಂಶ ಹಾಕಲಿ?

ಕ್ಯಾಲೆಂಡರ್‌ಕಾರ (ಪ್ರಶ್ನೆ)

ಕ್ರೀಡೆಯ ಹುಚ್ಚಿರುವ ನನ್ನ ಅಕ್ಕನಿಗೆ ಕೊಡಲು ಒಂದು ಗೋಡೆ ಕ್ಯಾಲೆಂಡರನ್ನು ಕೈಯಾರೆ ಮಾಡುತ್ತಿದ್ದೇನೆ. ಆರಿಸಿಕೊಂಡ ವರ್ಷ 2019. ತಿಂಗಳಿಗೊಂದು ಪುಟ, ಪುಟಕ್ಕೊಂದೇ ಫಲಿತಾಂಶ, ಕೆಳಗೆ ಎರಡು ಸಾಲು ವಿವರಣೆ. ಷರತ್ತು ನಾನೇ ಹಾಕಿಕೊಂಡದ್ದು, ಈಗ ನನ್ನ ಕುತ್ತಿಗೆಗೇ ಬಂದಿದೆ.

ಕೆಲವು ತಿಂಗಳುಗಳು ಸಲೀಸಾಗಿ ಮುಗಿದವು. ಫೆಬ್ರುವರಿಗೆ ಜಪಾನ್ ತಂಡವನ್ನು 3–1ರಿಂದ ಸೋಲಿಸಿ ಫುಟ್‌ಬಾಲಿನ ಏಷ್ಯನ್ ಕಪ್ ಗೆದ್ದ ಕತಾರ್. ಮಾರ್ಚ್‌ಗೆ ದುಬೈಯಲ್ಲಿ ಫೆಡರರ್ ಗೆದ್ದ ನೂರನೇ ಪ್ರಶಸ್ತಿ. ಏಪ್ರಿಲ್‌ಗೆ ಹನ್ನೊಂದು ವರ್ಷಗಳ ನಂತರ ಗಾಲ್ಫಿನ ಮತ್ತೊಂದು ಮೇಜರ್ (ದೊಡ್ಡ ಪ್ರಶಸ್ತಿ) ಗೆದ್ದ ಟೈಗರ್ ವುಡ್ಸ್. ನವೆಂಬರ್‌ಗೆ ದಕ್ಷಿಣ ಆಫ್ರಿಕಾದ ನಾಯಕ ಸಿಯಾ ಕೊಲಿಸಿ ಎತ್ತಿ ಹಿಡಿದ ರಗ್ಬಿ ವಿಶ್ವಕಪ್, ಇಂಗ್ಲೆಂಡ್ ವಿರುದ್ಧ 32–12.

ತೊಡಕಾಗಿರುವುದು ಜುಲೈ ಮತ್ತು ಅಕ್ಟೋಬರ್. ಜುಲೈ 14ರ ಒಂದೇ ಭಾನುವಾರ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್–ನ್ಯೂಜಿಲೆಂಡ್ ಕ್ರಿಕೆಟ್ ವಿಶ್ವಕಪ್ ಫೈನಲ್, ವಿಂಬಲ್ಡನ್‌ನಲ್ಲಿ ಜೊಕೊವಿಚ್–ಫೆಡರರ್ ಫೈನಲ್, ಸಿಲ್ವರ್‌ಸ್ಟೋನ್‌ನ ಕಾರ್ ರೇಸಿನಲ್ಲಿ ಹ್ಯಾಮಿಲ್ಟನ್ ಆರನೇ ಗೆಲುವು. ಒಂದು ವಾರ ಮೊದಲು ಅಮೆರಿಕದ ಮಹಿಳೆಯರ ಫುಟ್‌ಬಾಲ್ ವಿಶ್ವಕಪ್. ಅಕ್ಟೋಬರ್ 12ಕ್ಕೆ ಮ್ಯಾರಥಾನ್ ಓಟಗಾರ ಕಿಪ್ಚೋಗೆ, 13ಕ್ಕೆ ಮ್ಯಾರಥಾನ್ ಓಟಗಾರ್ತಿ ಕೊಸ್ಗೆ. ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ? ಕಾರಣವನ್ನೂ ಹೇಳಿ, ಸುಮ್ಮನೆ ಹೆಸರು ಹೇಳಬೇಡಿ.

ಬಿಳಿ ಕೋಟು

ಇಪ್ಪತ್ತೆರಡು ವರ್ಷ ಲೀಗ್ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಂತವನು ನಾನು. 2019 ಎಂದರೆ ನನಗೆ ಮೊದಲು ನೆನಪಾಗುವುದು ನಿಯಮದ ಪುಸ್ತಕ. ಈ ಪಕ್ಷಪಾತವನ್ನು ಮೊದಲೇ ಒಪ್ಪಿಕೊಂಡು ಹೇಳುತ್ತೇನೆ: ಜುಲೈ ಪುಟ ಲಾರ್ಡ್ಸ್‌ನದ್ದೇ.

ಕೊನೆಯ ಓವರಿನ ನಾಲ್ಕನೆಯ ಎಸೆತ. ಇಂಗ್ಲೆಂಡಿನ ಸ್ಟೋಕ್ಸ್ ಎರಡನೇ ರನ್ನಿಗಾಗಿ ಮೈಚಾಚಿ ಬೀಳುತ್ತಾರೆ, ನ್ಯೂಜಿಲೆಂಡಿನ ಗಪ್ಟಿಲ್ ಎಸೆದ ಚೆಂಡು ಅವರ ಬ್ಯಾಟಿಗೆ ತಾಗಿ ಬೌಂಡರಿಗೆ ಓಡುತ್ತದೆ, ಅಂಪೈರ್ ಧರ್ಮಸೇನ ಆರು ರನ್ (ಓಡಿದ ಎರಡು, ಬೌಂಡರಿಯ ನಾಲ್ಕು) ಕೊಡುತ್ತಾರೆ. ನಿಯಮ 19.8ರ ಪ್ರಕಾರ ಲೆಕ್ಕಕ್ಕೆ ಬರುವುದು ಫೀಲ್ಡರ್ ಚೆಂಡು ಎಸೆದ ಕ್ಷಣ. ಆ ಕ್ಷಣಕ್ಕೆ ಬ್ಯಾಟ್ಸ್‌ಮನ್‌ಗಳು ಒಬ್ಬರನ್ನೊಬ್ಬರು ದಾಟಿರದಿದ್ದರೆ ಓಡುತ್ತಿದ್ದ ರನ್ ಸೇರುವುದಿಲ್ಲ. ಸ್ಟೋಕ್ಸ್ ಮತ್ತು ರಶೀದ್ ದಾಟಿರಲಿಲ್ಲ. ಐದು ಕೊಟ್ಟಿದ್ದರೆ ಎರಡು ಎಸೆತಗಳಲ್ಲಿ ಮೂರರ ಬದಲು ನಾಲ್ಕು ರನ್ ಬೇಕಾಗುತ್ತಿತ್ತು, ಎದುರಿಸಬೇಕಾದವರು ಸ್ಟೋಕ್ಸ್ ಬದಲು ರಶೀದ್ ಆಗಿರುತ್ತಿದ್ದರು. ತಪ್ಪಾಗಿತ್ತೆಂದು ಧರ್ಮಸೇನ ಆಮೇಲೆ ಒಪ್ಪಿಕೊಂಡರು. ನಾನು ಅವರನ್ನು ಬೈಯುವುದಿಲ್ಲ. ಚೆಂಡು ದೂರದ ಮೂಲೆಯಲ್ಲಿ, ಓಟ ಕಣ್ಣೆದುರಿನಲ್ಲಿ. ಎರಡನ್ನೂ ಒಂದೇ ಕ್ಷಣದಲ್ಲಿ ನೋಡುವ ಕಣ್ಣು ಯಾರಿಗೂ ಇಲ್ಲ. ಇಂಥದ್ದೇ ಸಂದರ್ಭದಲ್ಲಿ ನಾನೂ ಒಂದು ರನ್ ಹೆಚ್ಚು ಕೊಟ್ಟು, ರಾತ್ರಿ ಮನೆಯಲ್ಲಿ ಪುಸ್ತಕ ತೆರೆದು ನೋಡಿ ನಿದ್ದೆಗೆಟ್ಟಿದ್ದೇನೆ.

ಪಂದ್ಯ ಸಮವಾಯಿತು, ಸೂಪರ್ ಓವರ್ ಕೂಡ ಸಮವಾಯಿತು. ಹೆಚ್ಚು ಬೌಂಡರಿ ಹೊಡೆದವರು ಯಾರು ಎಂದು ಎಣಿಸಿ, 26 ಮತ್ತು 17 ಎಂದು ನೋಡಿ, ಕಪ್ಪನ್ನು ಇಂಗ್ಲೆಂಡಿಗೆ ಕೊಟ್ಟರು. ಅದೇ ಅಕ್ಟೋಬರ್‌ನಲ್ಲಿ ಐಸಿಸಿ ಆ ನಿಯಮವನ್ನು ಕೈಬಿಟ್ಟಿತು.

ಅದೇ ಹೊತ್ತಿಗೆ ವಿಂಬಲ್ಡನ್‌ನಲ್ಲೂ ಇದೇ ಕಥೆ. ಹಿಂದಿನ ವರ್ಷ ಆ್ಯಂಡರ್ಸನ್–ಇಸ್ನರ್ ಸೆಮಿಫೈನಲ್‌ನ ಐದನೇ ಸೆಟ್ 26–24ರವರೆಗೆ ಎಳೆದದ್ದರಿಂದ, 2019ಕ್ಕೆ ಹೊಸ ನಿಯಮ ಬಂದಿತ್ತು: ಕೊನೆಯ ಸೆಟ್ 12–12 ಆದರೆ ಟೈಬ್ರೇಕ್. ಪುರುಷರ ಸಿಂಗಲ್ಸ್‌ನಲ್ಲಿ ಅದು ಮೊದಲ ಬಾರಿ ಬಳಕೆಯಾದದ್ದು ಫೈನಲ್‌ನಲ್ಲಿಯೇ! 8–7ರಲ್ಲಿ ಸರ್ವ್ ಮಾಡುತ್ತ ಎರಡು ಚಾಂಪಿಯನ್‌ಶಿಪ್ ಪಾಯಿಂಟ್ ಕೈಯಲ್ಲಿಟ್ಟುಕೊಂಡಿದ್ದ ಫೆಡರರ್, ಇಡೀ ಪಂದ್ಯದಲ್ಲಿ 218 ಪಾಯಿಂಟ್ ಗೆದ್ದೂ 204 ಗೆದ್ದ ಜೊಕೊವಿಚ್‌ಗೆ ಸೋತರು. ಟೆನಿಸ್ ಹಾಗೆಯೇ, ಮೊತ್ತಕ್ಕೆ ಬೆಲೆಯಿಲ್ಲ.

ಇನ್ನೂ ಬೇಕೇ? ಮೇ ತಿಂಗಳ ಕೆಂಟಕಿ ಡರ್ಬಿಯಲ್ಲಿ ಮೊದಲು ಗುರಿ ಮುಟ್ಟಿದ ಕುದುರೆ ಉಳಿದವುಗಳಿಗೆ ಅಡ್ಡ ಬಂದಿತೆಂದು ಅನರ್ಹವಾಯಿತು. ಜೂನ್‌ನಲ್ಲಿ ಮಾಂಟ್ರಿಯಲ್‌ನ ಕಾರ್ ರೇಸಿನಲ್ಲಿ ಮೊದಲು ಬಂದ ವೆಟೆಲ್‌ಗೆ ಐದು ಸೆಕೆಂಡ್ ದಂಡ ಬಿತ್ತು. ಅವರು ಸಿಟ್ಟಿನಿಂದ ಕಾರುಗಳ ಮುಂದಿದ್ದ 1 ಮತ್ತು 2ರ ಫಲಕಗಳನ್ನು ಅದಲುಬದಲು ಮಾಡಿದರು. ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಹತ್ತೊಂಬತ್ತನೇ ಹಂತ ಆಲಿಕಲ್ಲು, ಮಣ್ಣು ಕುಸಿತದಿಂದ ನಡುವೆಯೇ ನಿಂತು, ಇಸರಾನ್ ಘಟ್ಟದ ನೆತ್ತಿಯಲ್ಲಿದ್ದ ಸಮಯವನ್ನೇ ಲೆಕ್ಕಕ್ಕೆ ಹಿಡಿದರು. 22 ವರ್ಷದ ಬರ್ನಾಲ್‌ಗೆ ಮುನ್ನಡೆಯ ಗುರುತಾದ ಹಳದಿ ಅಂಗಿ ಸಿಕ್ಕಿದ್ದು ಹಾಗೆ. ಆ ಹಂತಕ್ಕೆ ವಿಜೇತರೇ ಇಲ್ಲ.

ನಲವತ್ತೆರಡು ಮತ್ತು ಸ್ವಲ್ಪ

ಬಿಳಿ ಕೋಟು ಅವರೇ, ನಿಮ್ಮ ವಾದಕ್ಕೆ ಅಕ್ಟೋಬರ್‌ಗಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ನಾನು ನಾಲ್ಕು ಮ್ಯಾರಥಾನ್ ಓಡಿದವಳು, ಮೂರರಲ್ಲಿ ಮೂವತ್ತೈದನೇ ಕಿಲೋಮೀಟರಿನ ನಂತರ ನಡೆದವಳು. ಆದ್ದರಿಂದ ವಿಯೆನ್ನಾದಲ್ಲಿ ಕಿಪ್ಚೋಗೆ 1:59:40ಕ್ಕೆ ಮುಗಿಸಿದ್ದನ್ನು ಕಡಿಮೆ ಮಾಡಿ ಮಾತನಾಡುವ ಧೈರ್ಯ ನನಗಿಲ್ಲ. ಆದರೆ ಅದು ದಾಖಲೆಯ ಪುಸ್ತಕಕ್ಕೆ ಸೇರಲಿಲ್ಲ. ವೇಗ ಕಾಯ್ದುಕೊಡಲು ಜೊತೆಗೆ ಓಡುವ 41 ಪೇಸ್‌ಮೇಕರ್‌ಗಳು ಸರದಿಯಂತೆ ಬಂದು ಗಾಳಿಗೆ ಅಡ್ಡವಾಗಿ ಓಡಿದರು, ಮುಂದಿನ ಕಾರು ರಸ್ತೆಯ ಮೇಲೆ ಲೇಸರ್ ಗೆರೆ ಬಿಡುತ್ತಿತ್ತು, ಎದುರಾಳಿಗಳೇ ಇರಲಿಲ್ಲ.

ಮರುದಿನ ಷಿಕಾಗೊದಲ್ಲಿ ಬ್ರಿಜಿಡ್ ಕೊಸ್ಗೆ 2:14:04ಕ್ಕೆ ಗುರಿ ಮುಟ್ಟಿದರು. 2003ರಿಂದ ಅಲುಗಾಡದೆ ಇದ್ದ ಪೌಲಾ ರ್‍ಯಾಡ್‌ಕ್ಲಿಫ್ ಅವರ 2:15:25 ಒಂದೇ ಏಟಿಗೆ 81 ಸೆಕೆಂಡ್ ಹಿಂದೆ ಬಿತ್ತು. ದಾಖಲೆ ಎನ್ನುವುದು ಸಾಮಾನ್ಯವಾಗಿ ಒಂದೊಂದೇ ಸೆಕೆಂಡ್ ಸವೆಯುವ ವಸ್ತು. ಅದಕ್ಕೆ ಎರಡು ವಾರ ಮೊದಲು ಬರ್ಲಿನ್‌ನಲ್ಲಿ ಬೆಕೆಲೆ 2:01:41 ಓಡಿ, ಕಿಪ್ಚೋಗೆಯ ವಿಶ್ವದಾಖಲೆಯನ್ನು ಎರಡೇ ಸೆಕೆಂಡಿನಿಂದ ತಪ್ಪಿಸಿಕೊಂಡಿದ್ದರು. 81 ಸೆಕೆಂಡ್ ಎಂದರೆ ಏನೆಂದು ಆಗ ತಿಳಿಯುತ್ತದೆ.

ಇಲ್ಲೂ ಒಂದು ನಿಯಮವಿದೆ, ನಿಮಗೆ ಇಷ್ಟವಾಗಬಹುದು. ಕೊಸ್ಗೆ ಜೊತೆ ಪುರುಷ ಪೇಸ್‌ಮೇಕರ್‌ಗಳು ಓಡಿದ್ದರು. ಮಹಿಳೆಯರೇ ಓಡುವ ಸ್ಪರ್ಧೆಯ ದಾಖಲೆ ಬೇರೆಯೇ ಇದೆ. ಆಗ ಅದು ಮೇರಿ ಕೀಟಾನಿಯ 2:17:01. ಎರಡೂ ಅಧಿಕೃತ. ಲೇಸರ್ ಗೆರೆ ಮಾತ್ರ ಅಧಿಕೃತವಲ್ಲ. ಅಕ್ಟೋಬರ್‌ಗೆ ಕೊಸ್ಗೆಯನ್ನೇ ಹಾಕಿ.

ಷಟಲ್

ಎಲ್ಲವನ್ನೂ ನಿಯಮದ ಪುಸ್ತಕಕ್ಕೆ ಸುತ್ತಿ ಕಟ್ಟಬೇಡಿ. ಆಗಸ್ಟ್ 25, ಬಾಸೆಲ್, ಬ್ಯಾಡ್ಮಿಂಟನ್ ವಿಶ್ವ ಚಾಂಪಿಯನ್‌ಶಿಪ್ ಫೈನಲ್. ಸಿಂಧು ಒಕುಹಾರ ವಿರುದ್ಧ 21–7, 21–7. ಹಿಂದಿನ ಎರಡು ವರ್ಷ ಇದೇ ಫೈನಲ್‌ನಲ್ಲಿ ಸೋತವರು, ಒಮ್ಮೆ ಇದೇ ಒಕುಹಾರ ಎದುರು. ಇದರಲ್ಲಿ ಯಾವ ಅಂಪೈರ್‌ಗೆ ಏನು ಕೆಲಸವಿತ್ತು? ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಸ್ಟುಟ್‌ಗಾರ್ಟ್‌ನಲ್ಲಿ ಐದು ಚಿನ್ನ ಗೆದ್ದು, ವಿಶ್ವ ಚಾಂಪಿಯನ್‌ಶಿಪ್ ಪದಕಗಳನ್ನು 25ಕ್ಕೆ ಏರಿಸಿದ್ದಕ್ಕೆ ಯಾವ ಕಲಮು ಬೇಕಿತ್ತು?

ಬಿಳಿ ಕೋಟು

ಸಿಂಧು ವಿಷಯದಲ್ಲಿ ಶರಣಾದೆ. ಬೈಲ್ಸ್ ವಿಷಯದಲ್ಲಿ ಇಲ್ಲ. ಬೀಮ್‌ನಿಂದ ಇಳಿಯುವ ಆಕೆಯ ಹೊಸ ವರಸೆಗೆ ಒಕ್ಕೂಟ ಕೊಟ್ಟ ಅಂಕ ಕಡಿಮೆಯೆಂದು ಸ್ವತಃ ಆಕೆಯೇ ಸಿಟ್ಟಾಗಿದ್ದರು. ಒಕ್ಕೂಟ ಹೇಳಿದ ಕಾರಣ ಸುರಕ್ಷತೆ.

ಆಗಸ್ಟ್ 25ಕ್ಕೇ ಹೆಡಿಂಗ್ಲೆಯ ಇಂಗ್ಲೆಂಡ್–ಆಸ್ಟ್ರೇಲಿಯಾ ಟೆಸ್ಟ್ ಕೂಡ ಇದೆಯಲ್ಲ? ಗೆಲ್ಲಲು ಎರಡು ರನ್ ಬೇಕಿದ್ದಾಗ ಲಯನ್ ಎಸೆತ ಸ್ಟೋಕ್ಸ್ ಕಾಲಿಗೆ ಬಡಿಯಿತು. ಅಂಪೈರ್ ಔಟ್ ಕೊಡಲಿಲ್ಲ. ಆಸ್ಟ್ರೇಲಿಯಾ ಕೊನೆಯ ರಿವ್ಯೂವನ್ನು ಸ್ವಲ್ಪ ಮೊದಲು ಲೀಚ್ ಮೇಲೆ ಕಳೆದುಕೊಂಡಿತ್ತು. ಚೆಂಡು ವಿಕೆಟ್ಟಿಗೆ ಬಡಿಯುತ್ತಿತ್ತೆಂದು ಪರದೆ ತೋರಿಸಿತು, ಪರದೆಯನ್ನು ಕೇಳುವ ಹಕ್ಕು ಯಾರಿಗೂ ಉಳಿದಿರಲಿಲ್ಲ. ಸ್ಟೋಕ್ಸ್ ಅಜೇಯ 135, ಲೀಚ್ ಅಜೇಯ 1.

ಕ್ಯಾಲೆಂಡರ್‌ಕಾರ

ಅಕ್ಟೋಬರ್‌ಗೆ ಕೊಸ್ಗೆ, ಆಗಸ್ಟ್‌ಗೆ ಸಿಂಧು ಎಂದು ಗಟ್ಟಿಮಾಡಿದೆ. ಜುಲೈ ಲಾರ್ಡ್ಸ್‌ಗೇ ಹೋಯಿತು, ಆದರೆ ಒಂದು ತೊಡಕು ಹೇಳಲು ಮರೆತಿದ್ದೆ: ಅಕ್ಕ ನ್ಯೂಜಿಲೆಂಡ್ ಪರ. ಹಾಗಾಗಿ ದೊಡ್ಡ ಅಕ್ಷರದಲ್ಲಿ 241–241 ಎಂದಷ್ಟೇ ಬರೆದು, ಕಪ್ ಯಾರ ಕೈಗೆ ಹೋಯಿತೆಂಬುದನ್ನು ಬಿಟ್ಟುಬಿಡುತ್ತೇನೆ.

ಬಿಳಿ ಕೋಟು

ಕೆಳಗೆ 15–15 ಎಂದೂ ಸೇರಿಸಿ. ಸೂಪರ್ ಓವರ್. ಅಂದ ಹಾಗೆ, ಮೇ ಪುಟಕ್ಕೆ ಏನು ಹಾಕಿದ್ದೀರಿ? ಫುಟ್‌ಬಾಲಿನ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ಗಳಿವೆ: 7ನೇ ತಾರೀಖು ಆನ್‌ಫೀಲ್ಡ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಲಿವರ್‌ಪೂಲ್ 4–0, ಮರುದಿನವೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಯಾಕ್ಸ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಟಾಟೆನ್‌ಹ್ಯಾಮ್‌ನ ಲುಕಾಸ್ ಮೌರಾ ಮೂರನೇ ಗೋಲು. ಎರಡು ಪಂದ್ಯ ಸೇರಿಸಿ 3–3, ಟಾಟೆನ್‌ಹ್ಯಾಮ್ ದಾಟಿದ್ದು, ಸಮವಾದರೆ ಎದುರಾಳಿ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರೇ ಮುಂದೆ ಎಂಬ ನಿಯಮದಿಂದ. ಆ ನಿಯಮವೂ ಈಗಿಲ್ಲ.