ಘಾಟಿ ಏರುವಾಗ ವ್ಯಾನಿನೊಳಗೆ ಹೊಗೆ ವಾಸನೆ: ಸೈಲೆನ್ಸರ್ ಲೈನಿನ ಲೀಕ್ ಮನೆಯಲ್ಲೇ ಹುಡುಕುವುದು ಹೇಗೆ?

ತೀರ್ಥಹಳ್ಳಿಯಿಂದ, ಪ್ರಶ್ನೆ

ನಮ್ಮದು 15 ವರ್ಷ ಹಳೆಯ ಪೆಟ್ರೋಲ್ ವ್ಯಾನ್. ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಹೋದ ವಾರ ಅಮ್ಮನನ್ನು ಮಣಿಪಾಲದಲ್ಲಿ ತೋರಿಸಿಕೊಂಡು ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಒಳಗೆಲ್ಲ ಹೊಗೆ ವಾಸನೆ. ಮಳೆ ಹೊಡೀತಿತ್ತು, ಗ್ಲಾಸ್ ಏರಿಸಿದ್ದೆವು. ಮೇಲೆ ಬರುವಷ್ಟರಲ್ಲಿ ಅಮ್ಮನಿಗೆ ತಲೆನೋವು, ಹೊಟ್ಟೆ ತೊಳಸು. ತಿರುವುಗಳಿಂದ ಇರಬೇಕು ಅಂದುಕೊಂಡೆ. ಆದರೆ ನನಗೂ ತಲೆ ಭಾರವಾಗಿತ್ತು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂತ ಸದ್ದು ಬರ್ತದೆ, ಐದು ನಿಮಿಷಕ್ಕೆ ನಿಲ್ತದೆ. ಗ್ಯಾರೇಜಿಗೆ ಒಯ್ದರೆ ಏನೂ ಇಲ್ಲ ಅಂದರು. ಮನೆಯಲ್ಲೇ ನೋಡಲು ಆಗ್ತದಾ?

ಸಾಗರದಿಂದ

ತೂತು ಕಂಡಲ್ಲಿ ನೀರಿನ ಪೈಪಿಗೆ ಹಚ್ಚುವ ಎಪಾಕ್ಸಿ ಮೆತ್ತಿಬಿಡಿ. ನಾನು ಹಾಗೇ ಮಾಡಿದ್ದೆ.

ಕೊಪ್ಪದಿಂದ

ಎಪಾಕ್ಸಿ ಬೇಡ ಮಾರಾಯ್ರೆ. ಆ ಪೈಪಿನ ಬಿಸಿಗೆ ಅದು ಸುಟ್ಟು ಉದುರ್ತದೆ, ಲೀಕ್ ಹೋಯ್ತು ಅಂತ ನಂಬಿಕೊಂಡು ನೀವು ಓಡಿಸ್ತಿರ್ತೀರಿ.

ತೀರ್ಥಹಳ್ಳಿಯವರೇ, ಲೀಕ್ ಸಿಗುವವರೆಗೆ ಆ ವ್ಯಾನಿನಲ್ಲಿ ಅಮ್ಮನನ್ನು ಕೂರಿಸಬೇಡಿ. ನಿಮಗೆ ಬಂದದ್ದು ಸುಟ್ಟ ಪೆಟ್ರೋಲಿನ ವಾಸನೆ. ಅದರ ಜೊತೆಗೇ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಇವೇ ಅದರ ಮೊದಲ ಲಕ್ಷಣ. ಒಂದೇ ಗಾಡಿಯಲ್ಲಿ ಇಬ್ಬರಿಗೂ ಒಟ್ಟಿಗೆ ತಲೆ ಹಿಡಿದಿದೆ ಅಂದರೆ ತಿರುವನ್ನು ದೂರುವುದು ಸರಿಯಲ್ಲ. ಅಮ್ಮನಿಗೆ ಇನ್ನೂ ಸುಸ್ತು ಇದ್ದರೆ ಡಾಕ್ಟರ ಹತ್ತಿರ ಈ ಹೊಗೆಯ ವಿಷಯ ಬಿಡಿಸಿ ಹೇಳಿ.

ಗ್ಯಾರೇಜಿನಲ್ಲಿ ಸಿಗದಿದ್ದಕ್ಕೆ ಕಾರಣ ಇದೆ. ಕಬ್ಬಿಣ ಬಿಸಿಯಾದಾಗ ಹಿಗ್ಗಿ ಸಂದು ಬಹುಪಾಲು ಮುಚ್ಚಿಕೊಳ್ತದೆ. ನೀವು ಪೇಟೆ ಮುಟ್ಟುವಷ್ಟರಲ್ಲಿ ಸದ್ದು ಅಡಗಿರ್ತದೆ. ಹಾಗಾಗಿ ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ನೋಡಬೇಕು. ಕೊಟ್ಟಿಗೆಯೊಳಗೆ ಬೇಡ, ಅಂಗಳಕ್ಕೆ ತನ್ನಿ. ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ, ಮಳೆಗೆ ನೆನೆದ ನೆಲದಲ್ಲಿ ಜಾಕ್ ಕುಸೀತದೆ.

ಮೊದಲು ಎಂಜಿನ್ ಆಫ್ ಇರುವಾಗಲೇ ಟಾರ್ಚ್ ಹಿಡಿದು ನೋಡಿ. ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಒಟ್ಟುಮಾಡಿ ಪೈಪಿಗೆ ಬಿಡುವ ಭಾಗ) ಎಂಜಿನ್ನಿನ ಹೆಡ್ಡಿಗೆ ಕೂರುವ ಜಾಗ, ಪೈಪಿನ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ಅಗಲದ ಅಂಚು), ಸೈಲೆನ್ಸರಿನ ಬೆಸುಗೆ. ಜಾಯಿಂಟಿನಿಂದ ಹೊರಗೆ ಊದಿದ ಹಾಗೆ ಮಸಿ ಇದ್ದರೆ ಅರ್ಧ ಕೆಲಸ ಮುಗೀತು.

ಕಾಣಲಿಲ್ಲವಾ, ಸೋಪಿನ ನೀರು. ವ್ಯಾಕ್ಯೂಮ್ ಕ್ಲೀನರಿನಲ್ಲಿ ಗಾಳಿ ಊದುವ ಕಡೆಗೆ ಪೈಪ್ ಹಾಕಿ, ಇನ್ನೊಂದು ತುದಿಯನ್ನು ಸೈಲೆನ್ಸರ್ ಬಾಯಿಗೆ ಕೊಟ್ಟು, ಸುತ್ತ ಒದ್ದೆ ಬಟ್ಟೆ ತುರುಕಿ. ಎಂಜಿನ್ ಆಫ್ ಇರಬೇಕು, ಪೈಪ್ ಪೂರ್ತಿ ತಣ್ಣಗಿರಬೇಕು. ಪಾತ್ರೆ ತೊಳೆಯುವ ಸೋಪಿನ ನೀರನ್ನು ಪ್ರತಿ ಜಾಯಿಂಟಿಗೂ ಸಿಂಪಡಿಸಿ. ಎಲ್ಲಿ ಗುಳ್ಳೆ ಏಳ್ತದೋ ಅಲ್ಲೇ ಲೀಕ್. ಇದರಲ್ಲಿ ಹೊಗೆ ಕುಡಿಯುವ ಪ್ರಶ್ನೆ ಇಲ್ಲ, ಕೈ ಸುಡುವ ಭಯ ಇಲ್ಲ. ಅದಕ್ಕೇ ನನಗೆ ಈ ವಿಧಾನದ ಮೇಲೆ ಹೆಚ್ಚು ನಂಬಿಕೆ.

ಅದೂ ಆಗದಿದ್ದರೆ ತೋಟದ ಪೈಪಿನ ಒಂದು ಮಾರು ತುಂಡು ತಗೊಂಡು, ಒಂದು ತುದಿ ಕಿವಿಗೆ ಹಿಡಿದು, ಇನ್ನೊಬ್ಬರ ಕೈಲಿ ಸ್ಟಾರ್ಟ್ ಮಾಡಿಸಿ. ತುದಿಯನ್ನು ಜಾಯಿಂಟುಗಳ ಹತ್ತಿರ ಆಡಿಸಿದರೆ ಟಿಕ್ ಸದ್ದು ಎಲ್ಲಿ ಜೋರು ಅಂತ ಗೊತ್ತಾಗ್ತದೆ. ಬೆಲ್ಟಿನಿಂದ ದೂರ ಇರಿ.

ತೀರ್ಥಹಳ್ಳಿಯಿಂದ

ಸೋಪಿನ ನೀರು ಹಾಕಿದೆ. ಎರಡು ಕಡೆ ಗುಳ್ಳೆ. ಒಂದು, ಮ್ಯಾನಿಫೋಲ್ಡಿನಿಂದ ಕೆಳಗೆ ಬರುವ ಪೈಪಿನ ಫ್ಲ್ಯಾಂಜ್, ಮಸಿಯೂ ಇದೆ. ಇನ್ನೊಂದು, ಸೈಲೆನ್ಸರಿನ ಅಡಿಯಲ್ಲಿ ದುಂಡಗಿನ ಸಣ್ಣ ತೂತು. ಎರಡನ್ನೂ ಮುಚ್ಚಿಸಲಾ?

ಕೊಪ್ಪದಿಂದ

ತೂತಿನ ಅಂಚು ನುಣುಪಾಗಿ, ಮೊಳೆ ಹೊಡೆದಷ್ಟೇ ಸಣ್ಣಗಿದ್ದರೆ ಅದು ನೀರು ಇಳಿಯಲಿ ಅಂತ ಕಂಪನಿಯವರೇ ಬಿಟ್ಟದ್ದು, ಮುಚ್ಚಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ತದೆ. ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಅಂತ ಸಣ್ಣ ಓಡಾಟದಲ್ಲಿ ಅದು ಆವಿಯಾಗದೆ ಸೈಲೆನ್ಸರಿನಲ್ಲೇ ನಿಂತು ಒಳಗಿನಿಂದ ತುಕ್ಕು ಹಿಡಿಸ್ತದೆ. ಅಂಚು ಹರಕಲಾಗಿ, ಸುತ್ತ ತುಕ್ಕು ಉದುರುತ್ತಿದ್ದರೆ ಮಾತ್ರ ಸೈಲೆನ್ಸರ್ ಬದಲಿಸಿ.

ಫ್ಲ್ಯಾಂಜಿಗೆ ಹೊಸ ಗ್ಯಾಸ್ಕೆಟ್ (ಸಂದಿನಿಂದ ಸೋರದಂತೆ ನಡುವೆ ಕೂರಿಸುವ ಬಿಲ್ಲೆ) ಹಾಕಿ, ಹಳೆಯದನ್ನೇ ತಿರುಗಿ ಕೂರಿಸಬೇಡಿ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಇಲ್ಲದಿದ್ದರೆ ಮುರೀತವೆ. ಬಿಗಿ ಮಾಡುವಾಗ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿಯಿರಿ.

ಇನ್ನೊಂದು ನೋಡಿ. ಲೀಕ್ ಇರುವುದು ಹೊರಗೆ, ಹೊಗೆ ಒಳಗೆ ಬಂದದ್ದು ಹೇಗೆ? ಸೀಟಿನಡಿಯ ಎಂಜಿನ್ ಮುಚ್ಚಳದ ರಬ್ಬರ್ ಹೇಗಿದೆ? ಅಡಿಕೆ ಮೂಟೆ ಹೆಚ್ಚಾಗಿ ಹಿಂದಿನ ಬಾಗಿಲು ಅರ್ಧ ಕಟ್ಟಿ ಓಡಿಸುವ ರೂಢಿ ಇದ್ದರೆ ಅದನ್ನೂ ಬಿಡಿ. ಓಡುವ ಗಾಡಿ ತನ್ನ ಹಿಂದಿನ ಹೊಗೆಯನ್ನು ಆ ಬಾಗಿಲಿನಿಂದಲೇ ಒಳಗೆಳೆದುಕೊಳ್ತದೆ.

ತೀರ್ಥಹಳ್ಳಿಯಿಂದ

ತೂತು ನುಣುಪಾಗಿಯೇ ಇದೆ, ಬಿಟ್ಟೆ. ಮುಚ್ಚಳದ ರಬ್ಬರ್ ಒಂದು ಬದಿ ಪೂರ್ತಿ ಇರಲೇ ಇಲ್ಲ. ಗ್ಯಾಸ್ಕೆಟ್, ರಬ್ಬರ್ ಎರಡೂ ಹೊಸತು ಹಾಕಿದೆ. ಒಂದು ಬೋಲ್ಟ್ ಮುರಿಯಿತು, ಅದನ್ನು ಗ್ಯಾರೇಜಿನಲ್ಲಿ ತೆಗೆಸಿದೆ. ಇವತ್ತು ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದರೆ ಟಿಕ್ ಸದ್ದಿಲ್ಲ, ಮತ್ತೆ ಸೋಪು ಹಾಕಿದರೆ ಫ್ಲ್ಯಾಂಜಿನಲ್ಲಿ ಗುಳ್ಳೆ ಇಲ್ಲ. ಅಮ್ಮನನ್ನು ಡಾಕ್ಟರಿಗೆ ತೋರಿಸಿದೆವು, ಈಗ ಆರಾಮಾಗಿದ್ದಾರೆ. ಘಾಟಿಗೆ ಮೊದಲು ನಾನೊಬ್ಬನೇ ಹೋಗಿ ಬರ್ತೇನೆ.

ಕೊಪ್ಪದಿಂದ

ಹೋಗಿ ಬಂದ ಮೇಲೆ, ಪೂರ್ತಿ ತಣಿದಾಗ ಆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹೊಸ ಗ್ಯಾಸ್ಕೆಟ್ ಮೊದಲ ಬಿಸಿಗೆ ಸ್ವಲ್ಪ ಕೂರ್ತದೆ.