ಸಹಾಯ ಬೇಕು: ಮಗನ ಶಿಕ್ಷಣ ಯೋಜನೆ ತೀರಾ ಅರೆಬರೆ, ಎಲ್ಲಿ ಕೇಳಬೇಕು?

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆ ನವನಗರದವರು. ಮಗನಿಗೆ ಆರು ವರ್ಷ, ಆಟಿಸಂ ಇದೆ. ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿದೆ, ಅದರಲ್ಲಿ ಅಂಗವೈಕಲ್ಯ ಶೇ. 50 ಅಂತ ಬರೆದಿದ್ದಾರೆ.

ಈ ವರ್ಷ ಅವನಿಗೆ ವೈಯಕ್ತಿಕ ಶಿಕ್ಷಣ ಯೋಜನೆ ಅಂತ ಒಂದು ಹಾಳೆ ಕೊಟ್ಟರು. ‘ಗಮನ ಹೆಚ್ಚಿಸುವುದು’, ‘ಮಾತು ಸುಧಾರಿಸುವುದು’, ‘ಪಾಲಕರು ಸಹಕರಿಸಬೇಕು’. ಇಷ್ಟೇ. ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಹೊತ್ತು, ಕಲಿತದ್ದನ್ನು ಯಾವಾಗ ನೋಡುತ್ತಾರೆ, ಒಂದೂ ಇಲ್ಲ. ಶಾಲೆ ಗಂಟೆಯ ಸದ್ದು ಕೇಳಿದರೆ ಅವನು ಕಿವಿ ಮುಚ್ಚಿಕೊಂಡು ಅಳುತ್ತಾನೆ. ಚಿತ್ರ ತೋರಿಸಿ ಹೇಳಿದರೆ ಬೇಗ ತಿಳಿಯುತ್ತದೆ. ಇದನ್ನೆಲ್ಲ ನಾವು ಹೇಳಿದ್ದೆವು, ಒಂದು ಸಾಲೂ ಸೇರಿಸಿಲ್ಲ. ತರಗತಿಯ ಟೀಚರ್ ತುಂಬಾ ಒಳ್ಳೆಯವರು, ಒಬ್ಬರೇ ಎರಡು ತರಗತಿ ನೋಡುತ್ತಾರೆ. ಅವರ ಮೇಲೆ ನಮ್ಮ ದೂರಿಲ್ಲ. ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಬಿಐಇಆರ್‌ಟಿ ಟೀಚರ್ ಬರುವುದೇ ಅಪರೂಪ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಓದಿದೆ. ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು, ಕಲಿಕೆಯ ಪ್ರಗತಿ ಗಮನಿಸಬೇಕು ಅಂತ ಅಲ್ಲಿದೆ. ಅಂದ ಮೇಲೆ ಇದು ಅವನ ಹಕ್ಕು ಅಲ್ವಾ?

ಯೋಜನೆ ಮತ್ತೆ ಬರೆಯಿರಿ ಅಂತ ಅರ್ಜಿಯನ್ನು ಮೊದಲು ಹೆಡ್‌ಮಾಸ್ತರಿಗೆ ಕೊಡಬೇಕಾ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಾ? ಸ್ಪೀಚ್ ಥೆರಪಿಸ್ಟ್ ವರದಿ ಜೊತೆಗೆ ಇಟ್ಟರೆ ತೂಕ ಜಾಸ್ತಿ ಬರುತ್ತದಾ? ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರ ಕಚೇರಿಗೆ ದೂರು ಬರೆದವರು ಯಾರಾದರೂ ಇದ್ದೀರಾ? ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವಿಗೆ ಒಳ್ಳೆಯ ಯೋಜನೆ ಸಿಕ್ಕಿದ್ದರೆ, ಹೆಸರು ಮುಚ್ಚಿ ಅದರ ಫೋಟೋ ಕಳಿಸಿ. ಅದನ್ನೇ ಮುಂದಿಟ್ಟು ಮಾತಾಡುತ್ತೇವೆ.